ಮೇಷ್ಟ್ರ ಸಂಬಳವೇ ಪಾಠದ ಬೆಲೆ: ಸರ್ಕಾರದ ಖರ್ಚು ಜಿಡಿಪಿಯೊಳಗೆ ಬಂದ ಕಥೆ

2020ರ ಆಗಸ್ಟ್ 31ರಂದು ಬಂದ ಜಿಡಿಪಿ (ದೇಶದ ಒಟ್ಟು ಉತ್ಪನ್ನ) ಅಂಕಿ ನೋಡಿ ದೇಶವೇ ಬೆಚ್ಚಿತ್ತು. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಶೇ 23.9ರಷ್ಟು ಕುಸಿತ. ಎಲ್ಲರ ಕಣ್ಣೂ ಅದರ ಮೇಲೇ ಇತ್ತು. ಅದೇ ಪಟ್ಟಿಯ ಇನ್ನೊಂದು ಸಾಲನ್ನು ಹೆಚ್ಚು ಜನ ಗಮನಿಸಲಿಲ್ಲ. ಸರ್ಕಾರದ ಬಳಕೆ ವೆಚ್ಚ ಹಿಂದಿನ ವರ್ಷದ ಅದೇ ಮೂರು ತಿಂಗಳಲ್ಲಿ ಜಿಡಿಪಿಯ ಶೇ 11.8ರಷ್ಟಿತ್ತು. ಈ ಸಲ ಅದು ಶೇ 18.1ಕ್ಕೆ ಏರಿತ್ತು.

ಸರ್ಕಾರ ಅಷ್ಟೊಂದು ಜಾಸ್ತಿ ಖರ್ಚು ಮಾಡಿತಾ? ಸ್ವಲ್ಪ ಮಾಡಿತ್ತು, ಶೇ 16ರಷ್ಟು. ಉಳಿದ ಏರಿಕೆಗೆ ಕಾರಣ, ಕೊರೊನಾ ಲಾಕ್‌ಡೌನ್‌ನಲ್ಲಿ ಅಂಗಡಿ, ಕಾರ್ಖಾನೆ, ಹೋಟೆಲ್‌ಗಳು ಬಾಗಿಲು ಹಾಕಿದ್ದು. ಮನೆಯ ವರಮಾನ ಬಿದ್ದರೆ ಬಾಡಿಗೆಯ ಪಾಲು ತಾನಾಗಿಯೇ ದೊಡ್ಡದಾಗುತ್ತದೆ, ಅಲ್ವಾ? ಇಲ್ಲೂ ಆದದ್ದು ಅದೇ.

ಈ 'ಬಳಕೆ' ಎಂಬ ಮಾತಿನಲ್ಲೇ ಗೊಂದಲವಿದೆ. ಬಜೆಟ್ಟಿನ ಖರ್ಚೆಲ್ಲ ಇದರಲ್ಲಿ ಬರುವುದಿಲ್ಲ. ಶಿಕ್ಷಕರು, ನರ್ಸ್‌ಗಳು, ಪೊಲೀಸರು, ಸೈನಿಕರ ಸಂಬಳ ಬರುತ್ತದೆ. ಕಚೇರಿಯ ಕಾಗದ, ಕರೆಂಟ್ ಬಿಲ್ಲು, ಆಸ್ಪತ್ರೆಯ ಔಷಧಿ ಬರುತ್ತವೆ. ರಸ್ತೆ, ಅಣೆಕಟ್ಟು ಕಟ್ಟಿದರೆ ಅದು ಹೂಡಿಕೆಯ ಲೆಕ್ಕ. ಸಾಲದ ಬಡ್ಡಿ ಇದರಲ್ಲಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿಯೂ ಇಲ್ಲ. ಅದು ಕೈಯಿಂದ ಕೈಗೆ ದಾಟಿದ ಹಣ. ಆಕೆ ಅದರಲ್ಲಿ ಮಗನಿಗೆ ಚಪ್ಪಲಿ ಕೊಂಡರೆ ಅದು ಮನೆಮಂದಿಯ ಬಳಕೆ.

ಸರ್ಕಾರದ ಖರ್ಚನ್ನು ದೇಶದ ಆದಾಯದ ಲೆಕ್ಕಕ್ಕೆ ಸೇರಿಸಬೇಕೇ ಎಂಬುದೇ ಒಂದು ಕಾಲಕ್ಕೆ ದೊಡ್ಡ ಜಗಳವಾಗಿತ್ತು. ಅಮೆರಿಕದ ರಾಷ್ಟ್ರೀಯ ಆದಾಯದ ಲೆಕ್ಕವನ್ನು 1934ರಲ್ಲಿ ಸೆನೆಟ್ ಮುಂದಿಟ್ಟವರು ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್. ಜನರ ಬದುಕಿಗೆ ಒದಗುವುದನ್ನು ಮಾತ್ರ ಎಣಿಸಬೇಕು ಎಂಬುದು ಅವರ ನಿಲುವು. ಶಸ್ತ್ರಾಸ್ತ್ರದ ಖರ್ಚು ಅವರ ಕಣ್ಣಿಗೆ ಆದಾಯವಾಗಿರಲಿಲ್ಲ. ಆದರೆ ಎರಡನೇ ಮಹಾಯುದ್ಧ ಬಂತು. ದೇಶ ಎಷ್ಟು ತಯಾರಿಸಬಲ್ಲದು, ಅದರಲ್ಲಿ ಯುದ್ಧಕ್ಕೆ ಎಷ್ಟು ಎತ್ತಿಡಬಹುದು ಎಂದು ಸರ್ಕಾರಗಳಿಗೆ ತುರ್ತಾಗಿ ತಿಳಿಯಬೇಕಿತ್ತು. ಬ್ರಿಟನ್‌ನಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್ 1940ರಲ್ಲಿ ಈ ಲೆಕ್ಕಕ್ಕೆ ಕೈಹಾಕಿದರು. ಮರುವರ್ಷ ಜೇಮ್ಸ್ ಮೀಡ್ ಮತ್ತು ರಿಚರ್ಡ್ ಸ್ಟೋನ್ ಅದನ್ನು ಪೂರ್ತಿ ಪಟ್ಟಿಯಾಗಿ ಕಟ್ಟಿದರು. 1942ರಲ್ಲಿ ಅಮೆರಿಕದ ವಾಣಿಜ್ಯ ಇಲಾಖೆಯೂ ಸರ್ಕಾರ ಕೊಂಡದ್ದನ್ನೆಲ್ಲ ಒಟ್ಟು ಉತ್ಪನ್ನಕ್ಕೆ ಸೇರಿಸಿತು. ಕುಜ್ನೆಟ್ಸ್ ವಾದ ಸೋತಿತು. 1953ರಲ್ಲಿ ವಿಶ್ವಸಂಸ್ಥೆ ಎಲ್ಲ ದೇಶಗಳಿಗೂ ಇದೇ ದಾರಿ ತೋರಿಸಿತು.

ಭಾರತದಲ್ಲಿ 1949ರಲ್ಲಿ ರಾಷ್ಟ್ರೀಯ ಆದಾಯ ಸಮಿತಿ ರಚನೆಯಾಯಿತು. ಅಧ್ಯಕ್ಷರು ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್, ಸದಸ್ಯರು ಅರ್ಥಶಾಸ್ತ್ರಜ್ಞರಾದ ಗಾಡ್ಗೀಳ್ ಮತ್ತು ವಿ.ಕೆ.ಆರ್.ವಿ. ರಾವ್. ಈ ರಾವ್ ನಮಗೆ ಹೊರಗಿನವರಲ್ಲ. ಬಳ್ಳಾರಿಯಿಂದ ಲೋಕಸಭೆಗೆ ಹೋದವರು, 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಾಮಾಜಿಕ, ಆರ್ಥಿಕ ಅಧ್ಯಯನ ಸಂಸ್ಥೆ ಕಟ್ಟಿದವರು. ಕೂಲಿಯವರು, ರೈತರು, ಬೀದಿ ವ್ಯಾಪಾರಿಗಳು ತುಂಬಿದ ದೇಶದಲ್ಲಿ ಆದಾಯ ಎಣಿಸುವುದು ಎಂಥ ಕಷ್ಟದ ಕೆಲಸ!

ಆಗ ನಮ್ಮ ಸರ್ಕಾರದ ಬಳಕೆ ಜಿಡಿಪಿಯ ಶೇ 6ರ ಸುತ್ತಮುತ್ತ ಇತ್ತು. 1962ರ ಚೀನಾ ಯುದ್ಧದ ನಂತರ ಸೇನೆಯ ಖರ್ಚು ಏರಿತು. ಶಾಲೆ, ಆಸ್ಪತ್ರೆ, ಇಲಾಖೆಗಳೂ ಬೆಳೆದವು. 1980ರ ದಶಕದ ಕೊನೆಗೆ ಶೇ 12ರ ಹತ್ತಿರ ಬಂತು. ಅಲ್ಲಿಂದೀಚೆಗೆ ಹೆಚ್ಚಿನ ವರ್ಷಗಳಲ್ಲಿ ಶೇ 10ರಿಂದ 12ರ ನಡುವೆಯೇ ಇದೆ. ಸ್ವೀಡನ್, ಫ್ರಾನ್ಸ್‌ಗಳಲ್ಲಿ ಇದು ಅಲ್ಲಿನ ಜಿಡಿಪಿಯ ಹೆಚ್ಚುಕಡಿಮೆ ಕಾಲು ಭಾಗ. ನಮ್ಮದು ಉಬ್ಬಿದ ಸರ್ಕಾರ ಎನ್ನುವವರು ಈ ಹೋಲಿಕೆಯನ್ನೂ ನೋಡಬೇಕು.

ನಡುನಡುವೆ ಈ ಪಾಲು ಉಬ್ಬಿದ್ದು ಸರ್ಕಾರಿ ನೌಕರರ ಸಂಬಳ ಪರಿಷ್ಕರಿಸುವ ವೇತನ ಆಯೋಗಗಳ ಹೊತ್ತಿನಲ್ಲಿ. 1997ರಲ್ಲಿ ಐದನೆಯದು, 2008ರಲ್ಲಿ ಆರನೆಯದು ಜಾರಿಗೆ ಬಂತು. ಮೇಷ್ಟ್ರು ಅವರೇ, ತರಗತಿ ಅದೇ, ಪಾಠವೂ ಅದೇ. ಸಂಬಳ ಏರಿತು, ಪಾಲೂ ಏರಿತು. ಏಕೆಂದರೆ ಸರ್ಕಾರಿ ಶಾಲೆಯ ಪಾಠಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಹಾಗಾಗಿ ಅದಕ್ಕೆ ತಗಲುವ ಖರ್ಚನ್ನೇ ಅದರ ಬೆಲೆ ಎಂದು ಹಿಡಿಯುತ್ತಾರೆ. ದಿನಕ್ಕೆ ನೂರು ಜನರನ್ನು ನೋಡುವ ಡಾಕ್ಟರೂ ಹತ್ತು ಜನರನ್ನು ನೋಡುವ ಡಾಕ್ಟರೂ, ಸಂಬಳ ಒಂದೇ ಆದರೆ, ಈ ಲೆಕ್ಕದಲ್ಲಿ ಒಂದೇ.

ನನಗೆ ಕಾಡುವುದು ಇದೇ. ಬ್ರಿಟನ್ 1998ರಿಂದ ಬೇರೆ ದಾರಿ ಹಿಡಿದಿದೆ. ಎಷ್ಟು ಮಕ್ಕಳಿಗೆ ಪಾಠವಾಯಿತು, ಎಷ್ಟು ಆಪರೇಷನ್ ಆಯಿತು ಎಂದು ಎಣಿಸಿ ಲೆಕ್ಕ ಹಾಕುತ್ತದೆ. ಅರ್ಥಶಾಸ್ತ್ರಜ್ಞ ಟೋನಿ ಅಟ್ಕಿನ್ಸನ್ 2005ರ ವರದಿಯಲ್ಲಿ ಈ ವಿಧಾನವನ್ನು ಇನ್ನಷ್ಟು ಗಟ್ಟಿ ಮಾಡಿದರು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಅಲ್ಲಿನ ಅಂಕಿಯಲ್ಲಿ ಶಿಕ್ಷಣವೂ ಕುಸಿಯಿತು. ಅವರ ಜಿಡಿಪಿ ಅಷ್ಟು ಕೆಟ್ಟದಾಗಿ ಬೀಳಲು ಅದೂ ಒಂದು ಕಾರಣ.

ಅದೇ ಮೂರು ತಿಂಗಳು ನಮ್ಮ ಶಾಲೆಗಳಿಗೂ ಬೀಗ ಬಿದ್ದಿತ್ತು. ಸಂಬಳ ನಿಲ್ಲಲಿಲ್ಲ, ನಿಲ್ಲಲೂಬಾರದು. ಆದರೆ ಮಕ್ಕಳು ಕಳೆದುಕೊಂಡ ಪಾಠ ನಮ್ಮ ಲೆಕ್ಕದಲ್ಲಿ ಎಲ್ಲೂ ಕಾಣಲಿಲ್ಲ. ಶಾಲೆಯ ಹಾಜರಿ ಪುಸ್ತಕ, ಆಸ್ಪತ್ರೆಯ ಹೊರರೋಗಿಗಳ ಪುಸ್ತಕ ನಮ್ಮಲ್ಲೂ ಇವೆ. ಅವುಗಳ ಅಂಕಿಯನ್ನು ಜಿಡಿಪಿ ಲೆಕ್ಕದವರೆಗೆ ತರುವ ಕೆಲಸವನ್ನು ಈಗಲಾದರೂ ಶುರು ಮಾಡಬೇಕು.