ಒಂದೇ ಫೈಲು, ಎರಡು ಪ್ರತಿ

ಲ್ಯಾಪ್‌ಟಾಪ್ ಹಿಡಿದು ಆಫೀಸಿನಿಂದ ಹೊರಟರೆ ಸರ್ವರ್‌ನಲ್ಲಿರುವ ಫೈಲುಗಳ ಗತಿ ಏನು? ಈಗ ಫೋನಿನ ಹಾಟ್‌ಸ್ಪಾಟ್ ಇದೆ, ಸಂಪರ್ಕ ಸಿಕ್ಕಿಬಿಡುತ್ತದೆ. 1980ರ ದಶಕದಲ್ಲಿ ಹಾಗಿರಲಿಲ್ಲ.

ಅಮೆರಿಕದ ಪಿಟ್ಸ್‌ಬರ್ಗಿನಲ್ಲಿರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಆಗ ಐಬಿಎಂ ಜೊತೆ ಸೇರಿ ಆಂಡ್ರ್ಯೂ ಎಂಬ ಫೈಲ್ ವ್ಯವಸ್ಥೆ ಕಟ್ಟಿತ್ತು. ಫೈಲ್ ತೆರೆದರೆ ಅದರ ಪ್ರತಿ ನಿಮ್ಮ ಕಂಪ್ಯೂಟರಿಗೆ ಬರುತ್ತಿತ್ತು. ಉಳಿಸಿ ಮುಚ್ಚಿದರೆ ಸರ್ವರ್‌ಗೆ ವಾಪಸ್. ಸರ್ವರ್ ಕೆಟ್ಟರೆ ಮಾತ್ರ ಸುಮ್ನೆ ಕೂರಬೇಕು. ಇದಕ್ಕೊಂದು ಪರಿಹಾರ ಬೇಕೆಂದು 1987ರಲ್ಲಿ ಅಲ್ಲೇ ‘ಕೋಡಾ’ ಎಂಬ ಹೊಸ ಫೈಲ್ ವ್ಯವಸ್ಥೆಯ ಕೆಲಸ ಶುರುವಾಯಿತು. ಅದರ ಮುಂದಾಳು ಮಹಾದೇವ್ ಸತ್ಯನಾರಾಯಣನ್, ಮದ್ರಾಸ್ ಐಐಟಿಯಲ್ಲಿ ಓದಿದವರು.

ಅವರ ತಂಡಕ್ಕೆ ಒಂದು ವಿಷಯ ಹೊಳೆಯಿತು. ಸರ್ವರ್ ಕೆಡುವುದಕ್ಕೂ, ಲ್ಯಾಪ್‌ಟಾಪಿನ ವೈರ್ ಕಿತ್ತು ಮನೆಗೆ ಹೋಗುವುದಕ್ಕೂ ಕಂಪ್ಯೂಟರಿನ ಕಣ್ಣಲ್ಲಿ ವ್ಯತ್ಯಾಸವೇ ಇಲ್ಲ! ಹಾಗಾಗಿ ಕೋಡಾ, ಬೇಕಾಗಬಹುದಾದ ಫೈಲುಗಳನ್ನು ಮೊದಲೇ ಲ್ಯಾಪ್‌ಟಾಪಿಗೆ ತುಂಬಿಡುತ್ತಿತ್ತು. ಯಾವ ಫೈಲು ಮುಖ್ಯ ಎಂಬ ಪಟ್ಟಿಯನ್ನು ಬಳಸುವವರೇ ಕೊಡಬಹುದಿತ್ತು. ಹತ್ತು ನಿಮಿಷಕ್ಕೊಮ್ಮೆ ಅದೇ ಎಲ್ಲವನ್ನೂ ಸರಿನೋಡಿಕೊಳ್ಳುತ್ತಿತ್ತು.

ಕಷ್ಟ ಇದ್ದದ್ದು ವಾಪಸ್ ಬಂದಾಗ. ನೀವು ಮನೆಯಲ್ಲಿ ತಿದ್ದಿದ್ದೀರಿ, ಸಹೋದ್ಯೋಗಿ ಆಫೀಸಿನಲ್ಲಿ ತಿದ್ದಿದ್ದಾರೆ. ಯಾವುದನ್ನು ಇಟ್ಟುಕೊಳ್ಳುವುದು? ಒಬ್ಬರು ತಿದ್ದುವಾಗ ಉಳಿದವರಿಗೆ ಬೀಗ ಹಾಕಬಹುದಿತ್ತು, ನಿಜ. ಆದರೆ ಬೀಗ ಹಿಡಿದವರು ರಜೆ ಹಾಕಿ ಊರಿಗೆ ಹೋದರೆ? ಇಡೀ ಆಫೀಸ್ ಕಾಯಬೇಕು, ಅಲ್ವಾ? ಕೋಡಾ ತಂಡ ಬೀಗವೇ ಬೇಡ ಎಂದಿತು. ಇದು ಬರೀ ಧೈರ್ಯವಲ್ಲ, ಹಿಂದೆ ಲೆಕ್ಕವೂ ಇತ್ತು. ಆಂಡ್ರ್ಯೂ ಬಳಕೆಯನ್ನು ಅವರು ಒಂದು ವರ್ಷ ಅಳೆದಿದ್ದರು. ಶೇ. 99ಕ್ಕೂ ಜಾಸ್ತಿ ತಿದ್ದುಪಡಿಗಳು ಹಿಂದಿನ ಸಲ ತಿದ್ದಿದವರದ್ದೇ. ಒಂದು ದಿನದೊಳಗೆ ಇಬ್ಬರು ಬೇರೆ ಬೇರೆ ಜನ ಒಂದನ್ನೇ ತಿದ್ದುವ ಸಾಧ್ಯತೆ ಹೆಚ್ಚೆಂದರೆ ಶೇ. 0.75. ಅಂದರೆ ಜಗಳ ಅಪರೂಪ. ಬಂದಾಗ ನೋಡಿಕೊಂಡರಾಯಿತು.

ನನ್ನ ಪ್ರಕಾರ ಈ ಕಥೆಯಲ್ಲಿ ದೊಡ್ಡ ತಿರುವು ಇದೇ. ಆಮೇಲೆ ಬಂದ ವೈ-ಫೈ, 4ಜಿ ಎಲ್ಲ ಕಾಯುವ ಹೊತ್ತನ್ನು ಕಡಿಮೆ ಮಾಡಿದವು, ಅಷ್ಟೆ.

ಮಾರುಕಟ್ಟೆಯೂ ಬೇರೆ ಹೆಸರುಗಳಲ್ಲಿ ಇದೇ ದಾರಿ ಹಿಡಿಯಿತು. 1989ರಲ್ಲಿ ಬಂದ ಲೋಟಸ್ ನೋಟ್ಸ್ ಎಂಬ ಆಫೀಸ್ ತಂತ್ರಾಂಶ ಬೇರೆ ಬೇರೆ ಕಂಪ್ಯೂಟರುಗಳಲ್ಲಿರುವ ಪ್ರತಿಗಳನ್ನು ಆಗಾಗ ಹೊಂದಿಸುತ್ತಿತ್ತು. ವಿಂಡೋಸ್ 95ರಲ್ಲಿ ಎರಡು ಕಂಪ್ಯೂಟರುಗಳ ಫೈಲು ಹೊಂದಿಸುವ ‘ಬ್ರೀಫ್‌ಕೇಸ್’ ಬಂತು. 2008ರಲ್ಲಿ ಜನರ ಕೈಗೆ ಬಂದ ಡ್ರಾಪ್‌ಬಾಕ್ಸ್ ಇದೆಲ್ಲವನ್ನೂ ಒಂದು ಫೋಲ್ಡರಿಗೆ ಇಳಿಸಿತು. ಗೂಗಲ್ ಡಾಕ್ಸ್ ಮಾತ್ರ ಬೇರೆ. ನೆಟ್ ಇರುವಾಗ ನಾವು ಒತ್ತಿದ್ದೆಲ್ಲ ಆಗಿಂದಾಗ ಸರ್ವರ್‌ಗೆ ಹೋಗುತ್ತದೆ, ಅಲ್ಲೇ ಹೊಂದಿಕೆಯಾಗುತ್ತದೆ.

ಕೋಡಾ, ಫೋಲ್ಡರುಗಳಲ್ಲಿನ ಜಗಳವನ್ನು ಬಹುಪಾಲು ತಾನೇ ಸರಿಮಾಡಿಕೊಳ್ಳುತ್ತಿತ್ತು. ಫೈಲಿನ ಒಳಗಿನ ಜಗಳವನ್ನು ಮನುಷ್ಯರಿಗೇ ಬಿಡುತ್ತಿತ್ತು. ಡ್ರಾಪ್‌ಬಾಕ್ಸ್ ಕೂಡ ‘ಕಾನ್‌ಫ್ಲಿಕ್ಟೆಡ್ ಕಾಪಿ’ ಎಂಬ ಬಾಲ ಅಂಟಿಸಿ ಎರಡನ್ನೂ ಇಡುತ್ತದೆ. ಯಾವುದು ಸರಿ ಎಂದು ಹೇಳುವ ಗೋಜಿಗೆ ಹೋಗುವುದಿಲ್ಲ.