ಸೂರ್ಯ ಕಾಣದ ಆಟಿಯಲ್ಲಿ ಉಳಿದವರು

ಮಲ್ಪೆಯಲ್ಲಿ ಬಂಗುಡೆ ಕೊಳ್ಳುವಾಗ ನಾನು ಮೊದಲು ನೋಡುವುದು ಕಿವಿರು. ಮಾರುವ ಅಕ್ಕ ನಾನು ಕೇಳುವ ಮೊದಲೇ ಬೆರಳು ತೂರಿಸಿ ಎತ್ತಿ ತೋರಿಸುತ್ತಾರೆ. "ತೂಲೆ, ಪೊಸ ಮೀನ್." ಕೆಂಪಗಿದ್ದರೆ ತಾಜಾ. ಆ ಕೆಂಪಿನ ಪಕ್ಕದಲ್ಲೇ ಇನ್ನೊಂದು ಸಾಲಿದೆ. ಬಾಚಣಿಗೆಯ ಹಲ್ಲಿನಂಥ ಸಣ್ಣ ಕಡ್ಡಿಗಳು. ಬಂಗುಡೆ ಬಾಯಿ ತೆರೆದು ಈಜುವಾಗ ನೀರು ಹೊರಗೆ ಹೋಗುತ್ತದೆ, ಕಡಲಿನ ಸಣ್ಣ ಸಣ್ಣ ಜೀವಿಗಳು ಈ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಅದೇ ಅದರ ಊಟ.

ಅಮೆರಿಕದ ನಾರ್ತ್ ಡಕೋಟಾ ರಾಜ್ಯದಲ್ಲಿ ಟಾನಿಸ್ ಎಂಬ ಜಾಗವಿದೆ. ಡೈನೋಸಾರ್‌ಗಳ ಅಳಿವು ಶುರುವಾದ ದಿನ ಸತ್ತು, ಅಲ್ಲಿ ಸಿಕ್ಕ ಮೀನುಗಳ ಪಳೆಯುಳಿಕೆಯಲ್ಲೂ ಇಂಥದೇ ಜಾಲರಿ ಇದೆ. ಆದರೆ ಅದರಲ್ಲಿ ಸಿಕ್ಕಿಕೊಂಡಿರುವುದು ಊಟವಲ್ಲ, ಗಾಜು. ಸಾಸಿವೆಗಿಂತ ಸಣ್ಣ ಗಾಜಿನ ಮಣಿಗಳು. ಮೆಕ್ಸಿಕೋದಲ್ಲಿ ಕರಗಿ ಆಕಾಶಕ್ಕೆ ಚಿಮ್ಮಿದ ಬಂಡೆ, 3,000 ಕಿಲೋಮೀಟರ್ ದೂರದ ಆ ನದಿಗೆ ಹನಿ ಹನಿಯಾಗಿ ಬಿದ್ದದ್ದು. ಮೀನುಗಳು ಬಾಯಿ ತೆರೆದವು, ಮಣಿಗಳು ಕಿವಿರಿನಲ್ಲಿ ನಿಂತವು. ಅದೇ ದಿನ, ಬಹುಶಃ ಒಂದೆರಡು ಗಂಟೆಯೊಳಗೆ, ಉಕ್ಕಿ ಬಂದ ಕೆಸರಿನಲ್ಲಿ ಅವು ಹೂತುಹೋದವು. ಆ ಮೀನುಗಳ ಮೂಳೆಯಲ್ಲಿ ಮರದ ಉಂಗುರದಂತೆ ವರ್ಷದ ಬೆಳವಣಿಗೆಯ ಗೆರೆಗಳಿವೆ. ಅವು ನಿಂತದ್ದು ವಸಂತದಲ್ಲಿ ಎಂದು 2022ರಲ್ಲಿ ವಿಜ್ಞಾನಿಗಳು ತೋರಿಸಿದರು. 6.6 ಕೋಟಿ ವರ್ಷ ಹಿಂದಿನ ಒಂದು ದಿನದ ಋತು ನಮಗೆ ಗೊತ್ತು ಅನ್ನುವುದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುವ ಸಂಗತಿ. ಭಾರತ ಆಗ ಭೂಮಧ್ಯರೇಖೆಯ ದಕ್ಷಿಣಕ್ಕಿದ್ದ ದ್ವೀಪ. ಅಂದರೆ ಇಲ್ಲಿ ಆಗ ಚಳಿಗಾಲ ಬರುವ ಹೊತ್ತು.

ಆ ದಿನ ಬಾಹ್ಯಾಕಾಶದಿಂದ ಬಿದ್ದದ್ದು ಒಂದು ಕ್ಷುದ್ರಗ್ರಹ. ಅಗಲ ಸುಮಾರು 10 ಕಿಲೋಮೀಟರ್, ಹೆಚ್ಚುಕಡಿಮೆ ಮಲ್ಪೆಯಿಂದ ಮಣಿಪಾಲದಷ್ಟು. ಬಂದ ವೇಗ ಸೆಕೆಂಡಿಗೆ ಸುಮಾರು 20 ಕಿಲೋಮೀಟರ್. ಮೆಕ್ಸಿಕೋದ ಚಿಕ್ಸುಲುಬ್ ಎಂಬಲ್ಲಿ ಅದು ತೋಡಿದ ಗುಂಡಿ ಸುಮಾರು 180 ಕಿಲೋಮೀಟರ್ ಅಗಲ, ಉಡುಪಿ–ಮಂಗಳೂರು ದೂರದ ಮೂರು ಪಟ್ಟು. ಗುಂಡಿ ಸಿಗುವ ಮೊದಲೇ ಸುಳಿವು ಸಿಕ್ಕಿತ್ತು. ಇಟಲಿಯ ಗುಬ್ಬಿಯೋ ಊರಿನ ಹತ್ತಿರ ಕಲ್ಲಿನ ನಡುವೆ ಅದೇ ಕಾಲದ, ಬೆರಳಿನಷ್ಟು ದಪ್ಪದ ಜೇಡಿಯ ಪದರವಿದೆ. ಭೂವಿಜ್ಞಾನಿ ವಾಲ್ಟರ್ ಅಲ್ವಾರೆಜ್, ಅವರ ತಂದೆ, ನೊಬೆಲ್ ಪಡೆದಿದ್ದ ಲೂಯಿಸ್ ಅಲ್ವಾರೆಜ್, ಜೊತೆಗೆ ರಸಾಯನ ವಿಜ್ಞಾನಿಗಳಾದ ಫ್ರಾಂಕ್ ಅಸಾರೋ, ಹೆಲೆನ್ ಮೈಕೆಲ್ ಅದರಲ್ಲಿ ಇರಿಡಿಯಂ ಲೋಹ ಸುಮಾರು 30 ಪಟ್ಟು ಜಾಸ್ತಿ ಇರುವುದನ್ನು ಕಂಡರು. ಭೂಮಿಯ ಮೇಲ್ಪದರದಲ್ಲಿ ಇರಿಡಿಯಂ ತೀರಾ ಅಪರೂಪ, ಬಾಹ್ಯಾಕಾಶದ ಬಂಡೆಗಳಲ್ಲಿ ಧಾರಾಳ. 1980ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಬಹಳ ಜನ ನಂಬಲಿಲ್ಲ. ಗುಂಡಿ ಅದೇ ಎಂದು ಒಪ್ಪಿಗೆಯಾಗಲು 1990ರ ದಶಕ ಬರಬೇಕಾಯಿತು.

ಆದರೆ ಒಂದು ಬಂಡೆ ಬಿದ್ದರೆ ಗುಜರಾತಿನ ಡೈನೋಸಾರ್ ಯಾಕೆ ಸಾಯಬೇಕು? ಹೊಡೆತಕ್ಕೆ ಸತ್ತವುಗಳಿಗಿಂತ ಹಸಿವಿಗೆ ಸತ್ತವು ಜಾಸ್ತಿ. ಬಂಡೆ ಬಿದ್ದ ಜಾಗದ ನೆಲದಡಿ ಜಿಪ್ಸಂ ತುಂಬಾ ಇತ್ತು. ಅದು ಸುಟ್ಟು ಗಂಧಕ ಮೇಲೆ ಹೋಯಿತು. ಜೊತೆಗೆ ನುಣ್ಣನೆ ಧೂಳು, ಕಾಡ್ಗಿಚ್ಚಿನ ಮಸಿ. ಇಡೀ ಭೂಮಿಗೆ ಪರದೆ ಎಳೆದಂತಾಯಿತು. ತಿಂಗಳುಗಟ್ಟಲೆ, ಬಹುಶಃ ಒಂದೆರಡು ವರ್ಷ, ಎಲೆಗೆ ಬೇಕಾದಷ್ಟು ಬಿಸಿಲು ಬೀಳಲಿಲ್ಲ.

ಇದು ಅರ್ಥವಾಗಬೇಕಾದರೆ ನಮ್ಮ ತುಳುನಾಡಿನ ಆಟಿ ತಿಂಗಳನ್ನು ನೆನೆಯಬೇಕು. ಹೊರಗೆ ಬಿಡದ ಮಳೆ. ದೋಣಿ ಕಡಲಿಗೆ ಇಳಿಯುವುದಿಲ್ಲ. ಗದ್ದೆಯಿಂದ ಏನೂ ಬರುವುದಿಲ್ಲ. ಅಜ್ಜಿಯ ಕಾಲದಲ್ಲಿ ಮನೆ ನಡೆಯುತ್ತಿದ್ದದ್ದು ಬೇಸಗೆಯಲ್ಲಿ ಎತ್ತಿಟ್ಟ ಹಲಸಿನ ಬೀಜದಿಂದ, ಉಪ್ಪಿನಲ್ಲಿ ಹಾಕಿದ ಸೊಳೆ, ಮಾವಿನಕಾಯಿಯಿಂದ, ಒಣಮೀನಿನಿಂದ, ಹಿತ್ತಲಲ್ಲಿ ತಾನಾಗಿ ಎದ್ದ ಕೆಸುವಿನ ಎಲೆಯಿಂದ. ಎತ್ತಿಟ್ಟದ್ದು ಇದ್ದವರಿಗೆ ಆಟಿ ಕಳೆಯುತ್ತಿತ್ತು. 6.6 ಕೋಟಿ ವರ್ಷಗಳ ಹಿಂದೆ ಭೂಮಿಗೇ ಆಟಿ ಬಂತು, ಸೂರ್ಯನೇ ಇಲ್ಲದ್ದು. ಯಾವ ಪ್ರಾಣಿ ಉಳಿಯಿತು, ಯಾವುದು ಹೋಯಿತು ಅನ್ನುವುದನ್ನು ನಾನು ಅದರ ಅಡುಗೆಮನೆಯಿಂದಲೇ ನೋಡುತ್ತೇನೆ.

ಹಸಿರೆಲೆಯನ್ನೇ ನಂಬಿದ್ದ ದೈತ್ಯರು ಮೊದಲು ಸೋತರು. ಅವನ್ನು ತಿನ್ನುತ್ತಿದ್ದವು ಆಮೇಲೆ. ನೆಲದ ಮೇಲೆ ಸುಮಾರು 25 ಕಿಲೋಗಿಂತ ಭಾರದ ಪ್ರಾಣಿಗಳಲ್ಲಿ ಮೊಸಳೆ, ಆಮೆಗಳಂಥವು ಬಿಟ್ಟರೆ ಹೆಚ್ಚುಕಡಿಮೆ ಯಾವುದೂ ಉಳಿಯಲಿಲ್ಲ. 25 ಕಿಲೋ ಅಂದರೆ ಅಂಗಡಿಯಿಂದ ತರುವ ಒಂದು ಚೀಲ ಕುಚ್ಚಲಕ್ಕಿ, ಅಷ್ಟೇ. ಒಟ್ಟು ಜೀವಿಪ್ರಭೇದಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಅಳಿದವು.

ಕಡಲಿನಲ್ಲೂ ಇದೇ ಕಥೆ. ಉಡುಪಿಯಲ್ಲಿ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ ಇರುತ್ತದೆ. ಕಪ್ಪು ಕಲ್ಲು, ಒಳಗೆ ಚಕ್ರದಂತೆ ಸುತ್ತಿದ ಗೆರೆ. ಆ ಚಕ್ರ ಅಮೋನೈಟ್ ಎಂಬ ಕಡಲಜೀವಿಯ ಚಿಪ್ಪಿನ ಗುರುತು. ನೇಪಾಳದ ಗಂಡಕಿ ನದಿಯ ಆ ಕಲ್ಲುಗಳು ಡೈನೋಸಾರ್ ಅಳಿದ ಕಾಲಕ್ಕಿಂತ ತುಂಬಾ ಹಳೆಯವು. ಅಮೋನೈಟ್ ಬಳಗ 30 ಕೋಟಿ ವರ್ಷಕ್ಕೂ ಮೀರಿ ಬಾಳಿ, ಈ ಆಟಿಯಲ್ಲಿ ಮುಗಿಯಿತು. ಅದರ ದೂರದ ನೆಂಟ ನಾಟಿಲಸ್ ಇವತ್ತೂ ಇದೆ. ಯಾಕೆ? ಅಮೋನೈಟ್ ಮರಿ ಹುಟ್ಟುವಾಗ ಸುಮಾರು ಒಂದು ಮಿಲಿಮೀಟರ್. ಅದು ಬದುಕಬೇಕಾದದ್ದು ಮೇಲ್ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳ ನಡುವೆ. ಬಿಸಿಲು ಹೋದಾಗ ಆ ಊಟವೇ ಹೋಯಿತು. ನಾಟಿಲಸ್ ಆಳದಲ್ಲಿ ದೊಡ್ಡ ಮೊಟ್ಟೆ ಇಡುತ್ತದೆ. ಮರಿಗೆ ಬುತ್ತಿ ಮೊಟ್ಟೆಯೊಳಗೇ ಕಟ್ಟಿರುತ್ತದೆ. ತಜ್ಞರು ಬಲವಾಗಿ ಮುಂದಿಡುವ ಕಾರಣ ಇದು.

ಹೊಳೆ, ಕೆರೆಯ ಜೀವಿಗಳು ಕಡಲಿನವುಗಳಿಗಿಂತ ಚೆನ್ನಾಗಿ ಉಳಿದವು. ಅಲ್ಲಿ ತಳದಲ್ಲಿ ಕೊಳೆತ ಎಲೆ, ಸತ್ತ ಹುಳ ಎಲ್ಲ ರಾಶಿ ಇರುತ್ತದೆ. ಅದನ್ನು ಹುಳುಗಳು ತಿಂದವು, ಹುಳುಗಳನ್ನು ಮೀನು, ಮೀನನ್ನು ಆಮೆ, ಮೊಸಳೆ. ಬಿಸಿಲಿಲ್ಲದೆಯೂ ಈ ಸಾಲು ಸ್ವಲ್ಪ ಕಾಲ ನಡೆಯುತ್ತದೆ. ಮೇಲಾಗಿ ಮೊಸಳೆಯ ಮೈ ತಣ್ಣಗಿನದು, ಖರ್ಚು ಕಡಿಮೆ. ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ 2022ರಲ್ಲಿ ತೀರಿಕೊಂಡಾಗ ಇಲ್ಲಿನ ಎಷ್ಟು ಜನ ನೊಂದುಕೊಂಡರು, ಅಲ್ವಾ? ಅದನ್ನು ನೋಡಿದವರಿಗೆ ಗೊತ್ತು, ಮೊಸಳೆ ಎಷ್ಟು ಹೊತ್ತು ಅಲುಗಾಡದೆ ಇರಬಲ್ಲದು ಎಂದು. ದೊಡ್ಡ ಮೊಸಳೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಹಾವೂ ಹಾಗೆಯೇ. ಗುಜರಾತಿನಲ್ಲಿ ಡೈನೋಸಾರ್ ಗೂಡಿನಲ್ಲೇ ಮೊಟ್ಟೆಗೆ ಸುತ್ತಿಕೊಂಡ ಮೂರೂವರೆ ಮೀಟರ್ ಹಾವಿನ ಪಳೆಯುಳಿಕೆ ಸಿಕ್ಕಿದೆ. 2010ರಲ್ಲಿ ಅದಕ್ಕೆ ಸನಾಜೇ ಇಂಡಿಕಸ್ ಎಂದು ಹೆಸರಿಟ್ಟರು. ಆಗಷ್ಟೇ ಹೊರಬರುವ ಮರಿಗಳೇ ಅದರ ಬೇಟೆ. ಮರಿಗಳ ವಂಶ ಹೋಯಿತು, ಹಾವುಗಳ ವಂಶ ಉಳಿಯಿತು.

ನಮ್ಮ ಪೂರ್ವಿಕರಾದ ಸಸ್ತನಿಗಳಿಗೂ ಸುಲಭವಾಗಿರಲಿಲ್ಲ. ಬಹಳಷ್ಟು ಅಳಿದವು. ಉಳಿದವು ಇಲಿಯಷ್ಟು ಸಣ್ಣವು, ಬಿಲದಲ್ಲಿ ಅಡಗುವವು, ಹುಳ, ಬೀಜ ಏನು ಸಿಕ್ಕರೂ ತಿನ್ನುವವು.

ಇನ್ನು ಹಕ್ಕಿಗಳು. ಕೋರಿರೊಟ್ಟಿಗೆ ತಂದ ಕೋಳಿಯ ಕಾಲನ್ನು ಒಮ್ಮೆ ಸುಮ್ನೆ ಕೈಯಲ್ಲಿ ಹಿಡಿದು ನೋಡಿ. ಮೂರು ಬೆರಳು ಮುಂದೆ, ಒಂದು ಹಿಂದೆ, ಮೈತುಂಬಾ ಹುರುಪೆ. ಎದೆಯಲ್ಲಿ ಕವೆಯಂಥ ಮೂಳೆ ಇದೆಯಲ್ಲ, ಅದು ಟಿರನೋಸಾರಸ್‌ಗೂ ಇತ್ತು. ಹಕ್ಕಿ ಡೈನೋಸಾರ್‌ನದೇ ಒಂದು ಕವಲು. ಆದರೆ ಆಗ ಹಲ್ಲಿದ್ದ ಹಕ್ಕಿಗಳೂ ಬೇಕಾದಷ್ಟಿದ್ದವು, ಅವೆಲ್ಲ ಹೋದವು. ಕಾಡು ಸುಟ್ಟು ಬಿದ್ದಾಗ ಮರವನ್ನೇ ನಂಬಿದ ಹಕ್ಕಿಗೆ ಮನೆ ಇಲ್ಲ. ಉಳಿದದ್ದು ನೆಲದಲ್ಲಿ ಓಡಾಡುವ, ಹಲ್ಲಿಲ್ಲದ ಕೊಕ್ಕಿನ ಹಕ್ಕಿಗಳು. ಕೊಕ್ಕಿನಿಂದ ಬೀಜ ಹೆಕ್ಕಬಹುದು. ಗಿಡ ಸತ್ತರೂ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಅಜ್ಜಿ ಅಟ್ಟದಲ್ಲಿಟ್ಟ ಹಲಸಿನ ಬೀಜದ ಹಾಗೆ.

ಅಕ್ಕನ ಮಗನನ್ನು ಸೈಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದೆ. ಕಲ್ಲಿನ ಕಂಬಗಳನ್ನು ಮುಟ್ಟಿ ಕೇಳಿದ, "ಮಾವ, ಡೈನೋಸಾರ್ ಸಾಯಿಸಿದ್ದು ಈ ಜ್ವಾಲಾಮುಖಿಯಾ?" ಅಲ್ಲ. ಈ ಲಾವಾ ಸುಮಾರು 8.8 ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ಭಾರತದಿಂದ ಕಳಚಿಕೊಳ್ಳುತ್ತಿದ್ದ ಕಾಲದ್ದು. ಆಮೇಲೆ 2 ಕೋಟಿ ವರ್ಷಕ್ಕೂ ಜಾಸ್ತಿ ಕಾಲ ಡೈನೋಸಾರ್‌ಗಳು ಆರಾಮಾಗಿದ್ದವು. ಅವನ ಪ್ರಶ್ನೆ ತಪ್ಪಲ್ಲ, ಜಾಗ ಮಾತ್ರ ಬೇರೆ. ಬೆಳಗಾವಿ, ಬೀದರ್‌ನಿಂದ ಮಹಾರಾಷ್ಟ್ರದ ಉದ್ದಕ್ಕೂ ಹರಡಿರುವ ದಖ್ಖನ್ನಿನ ಲಾವಾ ಆ ಬಂಡೆ ಬೀಳುವ ಮೊದಲೂ ಹರಿಯುತ್ತಿತ್ತು, ಆಮೇಲೂ ಹರಿಯಿತು. ಉತ್ತರ ಕರ್ನಾಟಕದ ಎರೆ ಮಣ್ಣು ಅದೇ ಕಲ್ಲಿನ ಪುಡಿ. ಅದರ ಅನಿಲಗಳು ಹವೆಯನ್ನು ಹದಗೆಡಿಸಿದ್ದು ನಿಜ. ಆದರೆ ಆ ಹರಿವು ಲಕ್ಷಾಂತರ ವರ್ಷಗಳದ್ದು, ಅಳಿವು ಇದ್ದಕ್ಕಿದ್ದಂತೆ ಆದದ್ದು. ನನಗೆ ಮುಖ್ಯ ಕಾರಣ ಮೆಕ್ಸಿಕೋದ ಬಂಡೆಯೇ ಅನ್ನಿಸುತ್ತದೆ. ಹೆಚ್ಚಿನ ವಿಜ್ಞಾನಿಗಳ ಮಾತೂ ಅದೇ.

ಕೊನೆಗೆ ಧೂಳು ಇಳಿಯಿತು. ಅಮೆರಿಕದ ಕಲ್ಲುಗಳಲ್ಲಿ ಇರಿಡಿಯಂ ಪದರದ ಸ್ವಲ್ಪ ಮೇಲೆ ನೋಡಿದರೆ ಹೂಗಿಡಗಳ ಪರಾಗ ಕಡಿಮೆ, ಜರೀಗಿಡದ ಬೀಜಕಣಗಳೇ ತುಂಬಿವೆ. ಇಲ್ಲಿ ಜೂನ್ ಬಂತೆಂದರೆ ಮುರಕಲ್ಲಿನ ಪಾಗಾರದ ಸಂದಿನಲ್ಲಿ, ರಸ್ತೆಗೆಂದು ಕಡಿದ ಧರೆಯ ಕೆಂಪು ಮೈಮೇಲೆ ಬೇಗ ಬೇಗ ಮೇಲೇಳುವುದೂ ಜರೀಗಿಡವೇ. ಎಳೆಯ ಎಲೆ ಸಾಲಿಗ್ರಾಮದ ಚಕ್ರದಂತೆ ಸುರುಳಿ ಸುತ್ತಿಕೊಂಡಿರುತ್ತದೆ, ಎರಡು ದಿನ ಕಳೆದರೆ ಬಿಡಿಸಿಕೊಳ್ಳುತ್ತದೆ.