ಕುಂಡಕ್ಕೆ ಫಾರಿನ್ ಮಣ್ಣು ಯಾಕೆ?

ಪುಣೆಯ ಸುತ್ತ ಎರಡು ಉರುಳಿಗಳಿವೆ. ಸೋಲಾಪುರದ ರಸ್ತೆಯಲ್ಲಿ ಸಿಗುವುದು ಉರುಳಿ ಕಾಂಚನ್. ಕಲಬುರಗಿ, ವಿಜಯಪುರ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆಲ್ಲ ಈ ಊರು ಗೊತ್ತು. ರಸ್ತೆಗೆ ಹೊಂದಿಕೊಂಡು ನರ್ಸರಿಗಳ ಸಾಲು, ಗುಲಾಬಿ, ಮಲ್ಲಿಗೆ, ಕ್ರೋಟನ್. ಇನ್ನೊಂದು ಉರುಳಿ ದೇವಾಚಿ, ಫುರ್ಸುಂಗಿಯ ಪಕ್ಕ. ಪುಣೆಯ ಕಸ ದಶಕಗಳ ಕಾಲ ಅಲ್ಲಿ ಬಂದು ಬಿದ್ದು ಗುಡ್ಡವಾಯಿತು. ವಾಸನೆ, ಹೊಗೆ, ಕೆಟ್ಟ ಬಾವಿನೀರು ಸಾಕಾಗಿ ಊರವರು ವರ್ಷಗಟ್ಟಲೆ ಹೋರಾಡಿದರು. ಆ ಗುಡ್ಡದಲ್ಲಿ ದೊಡ್ಡ ಪಾಲು ಹಸಿ ಕಸ. ಅಂದರೆ ಗೊಬ್ಬರವಾಗಬೇಕಿದ್ದ ಸೊಪ್ಪು, ಸಿಪ್ಪೆ, ಅನ್ನ. ಗಾಳಿಯಾಡದೆ ಕೊಳೆತಾಗ ಅದರಿಂದ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುವ ಅನಿಲ ಅದು.

ಇಷ್ಟು ಗೊಬ್ಬರದ ಸಾಮಾನು ಕಣ್ಣೆದುರು ಹಾಳಾಗುತ್ತಿರುವ ನಗರದಲ್ಲೇ ಯುರೋಪಿನ ಬಾಲ್ಟಿಕ್ ದೇಶಗಳಿಂದ ಬಂದ, ಕುಂಡಕ್ಕೆ ಮಣ್ಣಿನ ಬದಲು ತುಂಬುವ ಪೀಟ್ ಮಾಸ್ ಚೀಲಗಳೂ ಮಾರಾಟಕ್ಕಿವೆ. ಮನೆಯೊಳಗೆ ಎಲೆಗಿಡ ಸಾಕುವವರಲ್ಲಿ ಅದಕ್ಕೊಂದು ಗತ್ತು ಬೇರೆ. ನರ್ಸರಿಯಲ್ಲಿ ಕೆಲಸಕ್ಕಿರುವ ಹುಡುಗ ನಮ್ಮ ಇಂಡಿ ಕಡೆಯವನು. "ಫಾರಿನ್ ಮಾಲ್ ಐತ್ರೀ ಅಕ್ಕಾರ, ಗಿಡಾ ಛಲೋ ಬರ್ತಾವ" ಅಂತಾನೆ. ಸುಳ್ಳೇನಲ್ಲ, ಗಿಡ ಚೆನ್ನಾಗಿಯೇ ಬರುತ್ತದೆ. ಆದರೆ ಯಾಕೆ ಬರುತ್ತದೆ ಅನ್ನುವುದು ಗೊತ್ತಾದರೆ ಆ ಚೀಲಕ್ಕೆ ದುಡ್ಡು ಕೊಡಲು ಮನಸ್ಸು ಬರುವುದಿಲ್ಲ.

ಪೀಟ್ ಹುಟ್ಟುವುದು ತಂಪು ದೇಶಗಳ ಜೌಗು ನೆಲದಲ್ಲಿ. ಅಲ್ಲಿ ಸ್ಫ್ಯಾಗ್ನಮ್ ಎಂಬ ಪಾಚಿ ಬೆಳೆಯುತ್ತದೆ, ಸಾಯುತ್ತದೆ, ನೀರಿನಡಿ ಸೇರುತ್ತದೆ. ಕೆಳಗೆ ಆಮ್ಲಜನಕ ಇಲ್ಲ, ಹುಳಿ ಜಾಸ್ತಿ. ಕೊಳೆಸುವ ಸೂಕ್ಷ್ಮಜೀವಿಗಳು ಅಲ್ಲಿ ಕೈಚೆಲ್ಲುತ್ತವೆ. ಹಾಗಾಗಿ ಸತ್ತ ಪಾಚಿ ಉಪ್ಪಿನಕಾಯಿಯ ಹಾಗೆ ಕೆಡದೆ ಪದರ ಪದರವಾಗಿ ಕೂರುತ್ತದೆ. ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ. ಒಂದು ಮೀಟರ್ ದಪ್ಪವಾಗಲು ಸಾವಿರ ವರ್ಷ ಬೇಕು. 1950ರಲ್ಲಿ ಡೆನ್ಮಾರ್ಕಿನ ಟೋಲುಂಡ್ ಹತ್ತಿರ ಪೀಟ್ ಅಗೆಯುವವರಿಗೆ ಒಂದು ಶವ ಸಿಕ್ಕಿತು. ಮುಖದ ಮೇಲಿನ ಗಡ್ಡದ ಕೂಳೆಯೂ ಹಾಗೇ ಇತ್ತು. ಈಚೆಗೆ ನಡೆದ ಕೊಲೆಯೇ ಇರಬೇಕೆಂದು ಪೊಲೀಸರಿಗೆ ತಿಳಿಸಿದರು. ನೋಡಿದರೆ ಆತ ಸತ್ತು ಎರಡು ಸಾವಿರ ವರ್ಷಗಳ ಮೇಲಾಗಿತ್ತು. ಹೊಟ್ಟೆಯಲ್ಲಿ ಕೊನೆಯದಾಗಿ ಉಂಡ ಬಾರ್ಲಿ ಗಂಜಿ ಇನ್ನೂ ಇತ್ತು.

ನಮ್ಮ ಕಡೆಯೂ ಪೀಟ್ ಸ್ವಲ್ಪ ಇದೆ. ನೀಲಗಿರಿಯ ಹುಲ್ಲುಗಾವಲುಗಳ ತಗ್ಗಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಆ ಪೀಟಿನ ಇಂಗಾಲವನ್ನು ಪರೀಕ್ಷಿಸಿ, ಕಳೆದ 20,000 ವರ್ಷಗಳಲ್ಲಿ ಅಲ್ಲಿನ ಹವೆ ಯಾವಾಗ ಒಣಗಿತ್ತು, ಯಾವಾಗ ತೇವವಾಗಿತ್ತು ಎಂದು 1993ರಲ್ಲಿ ಹೇಳಿದರು. ಅಷ್ಟು ಹಳೆಯ ದಾಖಲೆ ಅದು. ಕುಂಡಕ್ಕೆ ಸುರಿಯುವ ವಸ್ತುವಲ್ಲ.

ಪೀಟ್ ನೆಲ ಭೂಮಿಯ ಒಟ್ಟು ನೆಲದಲ್ಲಿ ಸುಮಾರು 3 ಪ್ರತಿಶತ ಮಾತ್ರ. ಆದರೆ ಪ್ರಪಂಚದ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿದೆ. ನೀರು ಬಸಿದು ಅಗೆದ ತಕ್ಷಣ ಗಾಳಿ ತಾಗುತ್ತದೆ, ಸಾವಿರಾರು ವರ್ಷ ತಡೆದಿದ್ದ ಕೊಳೆತ ಶುರುವಾಗುತ್ತದೆ. ಮನುಷ್ಯರಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು 5 ಪ್ರತಿಶತ ಹೀಗೆ ಹಾಳಾದ ಪೀಟ್ ನೆಲಗಳಿಂದ ಬರುತ್ತದೆ. ಒಂದು ಮಾತು ಇಲ್ಲಿ ಹೇಳಲೇಬೇಕು. ಇದರಲ್ಲಿ ತೋಟಗಾರರ ಪಾಲು ಚಿಕ್ಕದು. ಬೇಸಾಯಕ್ಕೆಂದು, ತಾಳೆ ತೋಟಕ್ಕೆಂದು ನೀರು ಬಸಿಯುವುದು, ಉರುವಲಿಗೆ ಅಗೆಯುವುದು ದೊಡ್ಡ ಕಾರಣ. ಆದರೂ ತುಳಸಿ ಕುಂಡಕ್ಕೆ ಸಾವಿರ ವರ್ಷದ ಪಾಚಿ ಯಾಕೆ ಬೇಕು?

ಬೇಕು ಅನ್ನಿಸುವುದಕ್ಕೂ ಒಂದು ಕಾರಣವಿದೆ. ಅದು ಕುಂಡದೊಳಗಿನ ನೀರಿನ ವಿಚಾರ.

ಪಾತ್ರೆ ತೊಳೆಯುವ ಸ್ಪಾಂಜ್ ಒಂದನ್ನು ಪೂರ್ತಿ ನೆನೆಸಿ, ಅಡ್ಡ ಮಲಗಿಸಿ ಹಿಡಿಯಿರಿ. ಹೆಚ್ಚಿನ ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಉದ್ದುದ್ದ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಹಿಂಡಿಲ್ಲ, ಒತ್ತಿಲ್ಲ, ಎತ್ತರ ಮಾತ್ರ ಬದಲಾಯಿತು. ಸಣ್ಣ ಸಣ್ಣ ಸಂದುಗಳು ನೀರನ್ನು ಹಿಡಿದುಕೊಳ್ಳುತ್ತವೆ, ಭೂಮಿ ಕೆಳಗೆ ಎಳೆಯುತ್ತದೆ. ಈ ಜಗ್ಗಾಟದಲ್ಲಿ ತಳದ ಇಷ್ಟು ಎತ್ತರದವರೆಗೆ ನೀರು ನಿಂತೇ ಇರುತ್ತದೆ. ಕುಂಡದಲ್ಲೂ ಹಾಗೇ. ತಳದಲ್ಲಿ ತೂತು ಎಷ್ಟೇ ಇದ್ದರೂ ಅಡಿಭಾಗದ ಮಣ್ಣು ಪೂರ್ತಿ ನೆನೆದೇ ಇರುತ್ತದೆ. ಆ ನೆನೆದ ಪದರ ಎಷ್ಟು ಎತ್ತರ ಅನ್ನುವುದು ಕಣಗಳ ಗಾತ್ರದ ಮೇಲೆ ನಿಂತಿದೆ. ನುಣ್ಣಗಿದ್ದಷ್ಟೂ ಎತ್ತರ, ದಪ್ಪ ಕಣವಿದ್ದಷ್ಟೂ ಗಿಡ್ಡ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಅಂತ ಎಲ್ಲ ಮಾಲಿಗಳೂ ಹೇಳುತ್ತಾರೆ. ನಿಜವಾಗಿ ಆ ನೆನೆದ ಪದರ ಜಲ್ಲಿಯ ಮೇಲಕ್ಕೆ ಬಂದು ಕೂರುತ್ತದೆ, ಬೇರಿಗೆ ಇನ್ನೂ ಹತ್ತಿರ. ಅಷ್ಟೇ ಲಾಭ.

ಪುಣೆಯ ಕರಿಮಣ್ಣನ್ನು ಕುಂಡಕ್ಕೆ ತುಂಬಿದವರಿಗೆ ಇದರ ಬಿಸಿ ತಟ್ಟಿರುತ್ತದೆ. ಬಸಾಲ್ಟ್ ಕಲ್ಲು ಸವೆದು ಆದ ನುಣುಪು ಜೇಡಿ ಅದು. ನೆನೆದರೆ ಉಬ್ಬುತ್ತದೆ, ಗಾಳಿಗೆ ಜಾಗವೇ ಇಲ್ಲ. ಒಣಗಿದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಮುಂದಿನ ಸಲ ಹಾಕಿದ ನೀರು ಆ ಬಿರುಕಿನಲ್ಲಿ ಸರ್ರನೆ ಕೆಳಗಿಳಿದು ಹೋಗುತ್ತದೆ. ಹೊಲದಲ್ಲಿ ಬಂಗಾರದಂಥ ಮಣ್ಣು, ಕುಂಡದಲ್ಲಿ ಕಾಟ. ನರ್ಸರಿಯವರು ಕೆಂಪು ಮಣ್ಣಿಗೆ ಅಂಟಿಕೊಂಡಿರುವುದು ಸುಮ್ನೆ ಅಲ್ಲ.

ಪೀಟ್ ಗೆಲ್ಲುವುದು ಇಲ್ಲೇ. ಸ್ಫ್ಯಾಗ್ನಮ್ಮಿನ ಸತ್ತ ಕೋಶಗಳು ಟೊಳ್ಳು. ಒಳಗೆ ನೀರು ನಿಲ್ಲುತ್ತದೆ, ನಾರುಗಳ ನಡುವೆ ಗಾಳಿ ಉಳಿಯುತ್ತದೆ. ಹಗುರ, ಕಳೆಬೀಜವಿಲ್ಲ. ಆದರೆ ಗಿಡಕ್ಕೆ ಬೇಕಾದ ಆಹಾರ ಪೀಟಿನಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಹುಳಿ ಎಷ್ಟೆಂದರೆ ಸುಣ್ಣ ಬೆರೆಸಿಯೇ ಮಾರಬೇಕು. ಪೀಟ್ ಕೊಡುವುದು ಮನೆ, ಊಟವಲ್ಲ. ಗೊಬ್ಬರ ಕೊಡುವುದು ಊಟ, ಮನೆಯಲ್ಲ. ಪೀಟ್ ಬಿಟ್ಟವರು ಎಡವುವುದು ಈ ಎರಡನ್ನೂ ಗೊಬ್ಬರದಿಂದಲೇ ತೆಗೆಯಲು ಹೋಗಿ. ಕುಂಡದ ತುಂಬ ಎರೆಗೊಬ್ಬರ ತುಂಬಿದರೆ ಲವಣ ಜಾಸ್ತಿಯಾಗಿ ಎಲೆಯ ಅಂಚು ಸುಡುತ್ತದೆ, ನಾಲ್ಕು ತಿಂಗಳಲ್ಲಿ ಕುಸಿದು ಅರ್ಧ ಕುಂಡವಾಗುತ್ತದೆ.

ಬೇರಿಗೆ ಮನೆಯಾಗುವ ಕೆಲಸಕ್ಕೆ ನಮ್ಮಲ್ಲಿ ಸುಲಭಕ್ಕೆ ಸಿಗುವುದು ಕೋಕೋಪೀಟ್. ಹೆಸರಿನಲ್ಲಿ ಪೀಟ್ ಇದೆ ಅಷ್ಟೇ. ಇದು ತೆಂಗಿನ ಸಿಪ್ಪೆಯಿಂದ ನಾರು ಬಿಡಿಸಿದ ಮೇಲೆ ಉಳಿಯುವ ಪುಡಿ. ಒಂದು ಕಿಲೋ ನಾರು ತೆಗೆದರೆ ಸುಮಾರು ಎರಡು ಕಿಲೋ ಪುಡಿ ಉಳಿಯುತ್ತದೆ. ಒಂದು ಕಾಲದಲ್ಲಿ ಕೇರಳ, ತಮಿಳುನಾಡಿನ ನಾರಿನ ಕಾರ್ಖಾನೆಗಳ ಹೊರಗೆ, ನಮ್ಮ ತಿಪಟೂರು, ಅರಸೀಕೆರೆ ಕಡೆಯೂ, ಇದು ಯಾರಿಗೂ ಬೇಡದ ರಾಶಿ. ಈಗ ದೇಶದ ನಾರಿನ ಸಾಮಾನು ರಫ್ತಿನಲ್ಲಿ ಇದೇ ದೊಡ್ಡ ಬಾಬ್ತು. 5 ಕಿಲೋದ ಒತ್ತಿದ ಇಟ್ಟಿಗೆಯೊಂದು ನೀರಿಗೆ ಹಾಕಿದರೆ ಅರಳಿ 60 ಲೀಟರ್ ದಾಟುತ್ತದೆ. ಲೀಟರಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ ನೋಡಿ, ಆಮದು ಪೀಟ್ ಹತ್ತಿರಕ್ಕೂ ಬರುವುದಿಲ್ಲ.

ಆದರೆ ಇದಕ್ಕೂ ಒಂದು ಕಿತಾಪತಿ ಇದೆ. ಕರಾವಳಿಯಲ್ಲಿ ಸಿಪ್ಪೆಯನ್ನು ಉಪ್ಪುನೀರಲ್ಲಿ ನೆನೆಸುವ ರೂಢಿ. ಆಗ ಸೋಡಿಯಂ ಸೇರಿಕೊಳ್ಳುತ್ತದೆ. ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಸಿಯಂ ಮೊದಲೇ ಜಾಸ್ತಿ. ಇವೆರಡೂ ಪುಡಿಯ ಕಣಗಳಿಗೆ ಅಂಟಿಕೊಂಡಿರುತ್ತವೆ. ನೀವು ಹಾಕಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಂದಾಗ ಕಣಗಳು ಅವನ್ನು ಹಿಡಿದುಕೊಂಡು ಸೋಡಿಯಂ, ಪೊಟ್ಯಾಸಿಯಂ ಬಿಟ್ಟುಕೊಡುತ್ತವೆ. ಗಿಡಕ್ಕೆ ಬೇಕಾದದ್ದು ಸಿಗದೆ ಎಲೆ ಹಳದಿಯಾಗುತ್ತದೆ. ನಾವು ರೋಗ ಬಂತು ಅಂದುಕೊಂಡು ಔಷಧಿ ಹೊಡೆಯುತ್ತೇವೆ. ದೊಡ್ಡ ಬೆಳೆಗಾರರು ಕ್ಯಾಲ್ಸಿಯಂ ನೈಟ್ರೇಟ್ ನೀರಲ್ಲಿ ನೆನೆಸಿ ತೊಳೆಯುತ್ತಾರೆ. ಮನೆಯಲ್ಲಿ ಬರೀ ನೀರಲ್ಲಿ ಮೂರು ನಾಲ್ಕು ಸಲ ತೊಳೆದು, ಆಮೇಲೆ ಕಾಂಪೋಸ್ಟ್ ಬೆರೆಸಿದರೆ ಸಾಮಾನ್ಯ ಗಿಡಗಳಿಗೆ ಸಾಕು. ಕುಡಿಯುವ ನೀರಲ್ಲಿ ಕರಗಿದ ಲವಣ ನೋಡಲು ಇಟ್ಟುಕೊಂಡ ಟಿಡಿಎಸ್ ಪೆನ್ ಮನೆಯಲ್ಲಿದ್ದರೆ ತೊಳೆದು ಬಸಿದ ನೀರಿಗೆ ಅದ್ದಿ. ಅಂಕಿ ನಲ್ಲಿ ನೀರಿನ ಅಂಕಿಗೆ ಹತ್ತಿರ ಬರುವ ತನಕ ತೊಳೆಯಿರಿ. ಬೀಜ ಬಿತ್ತಲಿಕ್ಕಾದರೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕಾ ಫರ್ಮೆಂಟೆಡ್ ಕೋಕೋಪೀಟ್ ಎಂದು ಹುದುಗಿಸಿದ ಪುಡಿಯನ್ನೇ ತಯಾರಿಸಿದೆ.

ಕೋಕೋಪೀಟೂ ದೂರದಿಂದ ಲಾರಿಯಲ್ಲಿ ಬರುವಂಥದ್ದು. ಪುಣೆಯಲ್ಲೇ ಪುಕ್ಕಟೆ ಸಿಗುವುದು ಒಣ ಎಲೆ. ಚಳಿಗಾಲ ಮುಗಿದು ಬಿಸಿಲು ಏರುವಾಗ ರಸ್ತೆ ಬದಿಯ ಮರಗಳು ಎಲೆ ಉದುರಿಸುತ್ತವೆ. ಗುಡಿಸಿ ಗುಡ್ಡೆ ಮಾಡಿ ಬೆಂಕಿ ಹಚ್ಚುವುದು ಬೆಳಗಿನ ಕೆಲಸ. ಅದನ್ನು ನಿಲ್ಲಿಸಬೇಕೆಂದೇ ಬ್ರೌನ್ ಲೀಫ್ ಎಂಬ ಗುಂಪು ಇಲ್ಲಿ ಹುಟ್ಟಿತು. ಎಲೆ ಜಾಸ್ತಿ ಇರುವವರು ಚೀಲ ಕಟ್ಟಿ ಕೊಡುತ್ತಾರೆ, ಬೇಕಾದವರು ಒಯ್ಯುತ್ತಾರೆ. ಆ ಚೀಲಗಳನ್ನು ತೇವ ಮಾಡಿ ಮೂಲೆಯಲ್ಲಿಟ್ಟರೆ ಒಂದು ವರ್ಷದಲ್ಲಿ ಎಲೆಗೊಬ್ಬರ ಸಿದ್ಧ. ಊಟ ಸ್ವಲ್ಪ, ಮನೆ ಗಟ್ಟಿ. ಕುಂಡದಲ್ಲಿ ಪೀಟ್ ಮಾಡುವ ಕೆಲಸಕ್ಕೆ ಇದಕ್ಕಿಂತ ಹತ್ತಿರದ ವಸ್ತು ನನಗೆ ಕಂಡಿಲ್ಲ. ಮಳೆಮರದ ಚಿಕ್ಕ ಎಲೆ ಬೇಗ ಕರಗುತ್ತದೆ. ಮಾವು, ಆಲದ ಎಲೆ ದಪ್ಪ ಚರ್ಮದವು, ಪುಡಿ ಮಾಡಿ ಹಾಕಬೇಕು. ನೀಲಗಿರಿ ಎಲೆ ಬೇಡವೇ ಬೇಡ.

ಬೇಸಿಗೆಯಲ್ಲಿ ಹೆಜ್ಜೆಗೊಂದು ರಸವಂತಿ ಗೃಹ, ಅಂದರೆ ಕಬ್ಬಿನ ಹಾಲಿನ ಅಂಗಡಿ. ಹಿಂಡಿದ ಕಬ್ಬಿನ ಸಿಪ್ಪೆ ಕೇಳಿದರೆ ಸಂತೋಷವಾಗಿ ಕೊಡುತ್ತಾರೆ. ಇದನ್ನು ಹಸಿಯಾಗಿ ಕುಂಡಕ್ಕೆ ಹಾಕಬಾರದು. ಅದರಲ್ಲಿ ಇಂಗಾಲ ತೀರಾ ಜಾಸ್ತಿ, ಸಾರಜನಕದ ನೂರು ಪಟ್ಟಿಗೂ ಮೇಲೆ. ಅದನ್ನು ತಿನ್ನಲು ಬರುವ ಸೂಕ್ಷ್ಮಜೀವಿಗಳು ಬೇಕಾದ ಸಾರಜನಕವನ್ನು ಮಣ್ಣಿನಿಂದ ಎಳೆದುಕೊಳ್ಳುತ್ತವೆ, ಗಿಡ ಉಪವಾಸ. ಉಳಿದ ಸಕ್ಕರೆಗೆ ಇರುವೆ ಬೇರೆ. ಕತ್ತರಿಸಿ, ಸಗಣಿಯ ಜೊತೆ ಪದರ ಹಾಕಿ ಮೂರು ನಾಲ್ಕು ತಿಂಗಳು ಬಿಟ್ಟರೆ ಚೆನ್ನಾಗಿ ಮಾಗುತ್ತದೆ. ಸಗಣಿ ಊರಂಚಿನ ಗೋಠಾಗಳಲ್ಲಿ, ಅಂದರೆ ದನದ ಕೊಟ್ಟಿಗೆಗಳಲ್ಲಿ ಸಿಗುತ್ತದೆ. ಮರಾಠಿಯಲ್ಲಿ ಶೇಣ್‌ಖತ್ (ಸಗಣಿ ಗೊಬ್ಬರ) ಅಂತ ಕೇಳಿ, ಹಳೆಯದ್ದೇ ಬೇಕೆಂದು ಹೇಳಿ.

ಗಿಡದ ಊಟದ ಪಾಲಿಗೆ ನಿಮ್ಮ ಹೌಸಿಂಗ್ ಸೊಸೈಟಿಯಲ್ಲೇ ವಿಚಾರಿಸಿ. ಸೊಸೈಟಿಗಳು ಹಸಿ ಕಸವನ್ನು ಆದಷ್ಟು ಒಳಗೇ ವಿಲೇವಾರಿ ಮಾಡಬೇಕೆಂದು 2016ರ ಘನತ್ಯಾಜ್ಯ ನಿಯಮ ಹೇಳಿತು. ಎರೆಗೊಬ್ಬರದ ಘಟಕ ನಡೆಸುವವರಿಗೆ ಪುಣೆ ಮಹಾನಗರಪಾಲಿಕೆ ಆಸ್ತಿ ತೆರಿಗೆಯಲ್ಲಿ 5 ಪ್ರತಿಶತ ರಿಯಾಯಿತಿಯನ್ನೂ ಇಟ್ಟಿದೆ. ಹಾಗಾಗಿ ಎಷ್ಟೋ ಸೊಸೈಟಿಗಳ ಹಿಂದೆ ಗೊಬ್ಬರದ ತೊಟ್ಟಿ ಇದೆ, ಒಯ್ಯುವವರೇ ಇಲ್ಲ. ಸೆಕ್ರೆಟರಿಗೆ ಒಂದು ಮಾತು ಹೇಳಿದರೆ ಚೀಲ ತುಂಬಿ ಕೊಡುತ್ತಾರೆ. ಜೂನ್‌ನಿಂದ ಮಳೆ ಹಿಡಿದರೆ ಆ ತೊಟ್ಟಿ ನೀರು ಕುಡಿದು ನಾರುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟ ಒಣ ಎಲೆ ಆಗ ಬೆರೆಸಬೇಕು.

ಪುಕ್ಕಟೆ ಗೊಬ್ಬರದಲ್ಲಿ ನೋಡಬೇಕಾದದ್ದು ಅದು ಪೂರ್ತಿ ಮಾಗಿದೆಯೇ ಅನ್ನುವುದು. ಯಂತ್ರದಲ್ಲಿ ಬಿಸಿ ಮಾಡಿ ಒಂದೇ ದಿನದಲ್ಲಿ ಕಾಂಪೋಸ್ಟ್ ತೆಗೆಯುತ್ತೇವೆ ಅನ್ನುವವರಿದ್ದಾರೆ. ಅದು ಒಣಗಿದ ಕಸ, ಗೊಬ್ಬರವಲ್ಲ. ನೀರು ತಾಗಿದರೆ ಮತ್ತೆ ಕೊಳೆಯಲು ಶುರು. ಪರೀಕ್ಷೆ ಸುಲಭ. ಎರಡು ಡಬ್ಬಿ ತಗೊಳ್ಳಿ. ಒಂದಕ್ಕೆ ಬರೀ ಕೆಂಪು ಮಣ್ಣು, ಇನ್ನೊಂದಕ್ಕೆ ಅದೇ ಮಣ್ಣಿಗೆ ಮೂರರಲ್ಲೊಂದು ಪಾಲು ಈ ಗೊಬ್ಬರ. ಎರಡಕ್ಕೂ ಎಣಿಸಿ ಮೆಂತ್ಯ ಬಿತ್ತಿ. ವಾರದೊಳಗೆ ಗೊತ್ತಾಗುತ್ತದೆ. ಗೊಬ್ಬರದ ಡಬ್ಬಿಯಲ್ಲಿ ಮೊಳಕೆ ಕಡಿಮೆ, ಬೇರಿನ ತುದಿ ಕಂದು ಆಗಿದ್ದರೆ ಇನ್ನೂ ಎರಡು ತಿಂಗಳು ಇಡಿ. ಟೊಮೆಟೊ, ಕುಂಬಳದ ಸಸಿ ತಾನಾಗಿ ಎದ್ದರೆ ಹೆದರಬೇಡಿ. ರಾಶಿ 55 ಡಿಗ್ರಿ ದಾಟಿ ಬಿಸಿಯಾಗಿಲ್ಲ, ಅದಕ್ಕೆ ಬೀಜ ಸತ್ತಿಲ್ಲ ಅಂತ ಅರ್ಥ. ಸಣ್ಣ ತೊಟ್ಟಿ, ಎರೆಗೊಬ್ಬರ ಅಷ್ಟು ಬಿಸಿಯಾಗುವುದೇ ಇಲ್ಲ.

ಕೊಳ್ಳುವುದಾದರೆ ಚೀಲದ ಮೇಲೆ ಎಫ್‌ಸಿಓ ಅಂತ ಇದೆಯಾ ನೋಡಿ. ಎಫ್‌ಸಿಓ ಅಂದರೆ 1985ರ ರಸಗೊಬ್ಬರ ನಿಯಂತ್ರಣ ಆದೇಶ. ಅದರ ಪ್ರಕಾರ ನಗರದ ಕಸದಿಂದ ಮಾಡಿದ ಕಾಂಪೋಸ್ಟಿನಲ್ಲಿ ಸೀಸ ಕಿಲೋಗೆ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಬೆರಕೆ ಕಸದ ಗೊಬ್ಬರದಲ್ಲಿ ಬ್ಯಾಟರಿ, ಬಣ್ಣದ ಚೂರು ಸೇರಿರುವ ಭಯ ಇದ್ದೇ ಇದೆ. ಸೊಪ್ಪು, ಮೂಲಂಗಿ ಬೆಳೆಯುವವರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು.

ನಾನು ಬೆರೆಸುವುದು ಅಂದಾಜಿನಲ್ಲಿ. ತೊಳೆದ ಕೋಕೋಪೀಟ್ ಮತ್ತು ಎಲೆಗೊಬ್ಬರ ಸೇರಿ ಅರ್ಧ, ಮಾಗಿದ ಕಾಂಪೋಸ್ಟ್ ಕಾಲು, ಕೆಂಪು ಮಣ್ಣು ಮತ್ತು ಭತ್ತದ ಹೊಟ್ಟು ಸೇರಿ ಇನ್ನೊಂದು ಕಾಲು. ಹೊಟ್ಟು ಮಾವಳದ ಅಕ್ಕಿ ಗಿರಣಿಗಳಿಂದ ಬರುತ್ತದೆ, ಗಾಳಿಗೆ ದಾರಿ ಬಿಡುವುದು ಅದರ ಕೆಲಸ. ಕೀಟ ಹಿಡಿಯುವ ಗಿಡ, ಬ್ಲೂಬೆರಿ ಇಂಥವಕ್ಕೆ ಈ ಮಿಶ್ರಣ ಒಗ್ಗದು, ಅವಕ್ಕೆ ಹುಳಿ ಬೇಕು. ಪುಣೆಯ ಬಾಲ್ಕನಿಯಲ್ಲಿ ಬ್ಲೂಬೆರಿ ಯಾಕೆ ಅಂತ ನನಗಂತೂ ಅರ್ಥವಾಗಿಲ್ಲ.

ಇನ್ನು ಹಳೆಯ ಕುಂಡದ ಮಣ್ಣು. ಗಿಡ ಸತ್ತಿತು ಅಂತ ಬಹಳ ಜನ ಅದನ್ನು ಕಸದ ಗಾಡಿಗೆ ಹಾಕುತ್ತಾರೆ. ಅದರಲ್ಲಿ ಹಾಳಾಗಿರುವುದು ಊಟ ಮಾತ್ರ, ಮನೆ ಬಹುಪಾಲು ಹಾಗೇ ಇರುತ್ತದೆ. ಜರಡಿ ಹಿಡಿದು ಬೇರು ತೆಗೆಯಿರಿ. ಏಪ್ರಿಲ್, ಮೇ ಬಿಸಿಲಲ್ಲಿ ತುಸು ತೇವ ಮಾಡಿ, ತೆಳ್ಳಗೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಕಲ್ಲಿಡಿ. ನಾಲ್ಕಾರು ವಾರದ ಕಾವಿಗೆ ಬೇರು ಕೊಳೆಸುವ ಶಿಲೀಂಧ್ರ, ಬೇರು ತಿನ್ನುವ ಜಂತುಹುಳು ಬಹಳಷ್ಟು ಸಾಯುತ್ತವೆ. ಆಮೇಲೆ ಕಾಲು ಭಾಗ ಹೊಸ ಕಾಂಪೋಸ್ಟ್, ಒಂದು ಹಿಡಿ ಬೇವಿನ ಹಿಂಡಿ. ಟೊಮೆಟೊ ಇದ್ದ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ, ಅವೆಲ್ಲ ಒಂದೇ ಕುಟುಂಬದವು. ಅವರೆಯೋ ಅಲಸಂದೆಯೋ ಹಾಕಿ.